ಮಣ್ಣು ಎಷ್ಟೊತ್ತಿಗೆ?

ಮಚ್ಛೇಂದ್ರನಿಗೆ ಬೀದರ ಜಿಲ್ಲೆಯ ರಾಜಕಾರಣ ತಿಳಿಯುತ್ತಿದ್ದುದು ಚಪ್ಪಲಿಗಳಿಂದ. ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಮುಖಂಡರು ಪತ್ರಿಕಾಗೋಷ್ಠಿ ಕರೆದರೆ ಅವನು ಹೋಗುತ್ತಿದ್ದ, ಕೊಟ್ಟ ಚಹಾ ಕುಡಿಯುತ್ತಿದ್ದ, ಹೇಳಿದ್ದನ್ನು ಬರೆದುಕೊಳ್ಳುತ್ತಿದ್ದ. ಆದರೆ ನಿಜವಾದ ಸುದ್ದಿ ಬೇಕೆನಿಸಿದ ದಿನ ಬೆಳಿಗ್ಗೆ ಬೇಗ ಎದ್ದು ಅದೇ ಮುಖಂಡರ ಮನೆಯ ಮುಂದೆ ಏನೂ ಅರಿಯದವನಂತೆ ಹಾದು ಹೋಗುತ್ತಿದ್ದ. ಬಾಗಿಲ ಹೊರಗೆ ಬಿಟ್ಟ ಚಪ್ಪಲಿಗಳ ಮೇಲೆ ಒಮ್ಮೆ ಕಣ್ಣಾಡಿಸಿದರೆ ಸಾಕು. ಒಳಗೆ ಯಾರಿದ್ದಾರೆ, ಯಾರು ಮುನಿಸಿಕೊಂಡು ಬಂದಿಲ್ಲ, ಯಾವ ಪಕ್ಷದವನು ಯಾವ ಪಕ್ಷದವನ ಮನೆಯಲ್ಲಿ ಕುಳಿತು ಉಪ್ಪಿಟ್ಟು ತಿನ್ನುತ್ತಿದ್ದಾನೆ, ಎಲ್ಲ ಗೊತ್ತಾಗಿಬಿಡುತ್ತಿತ್ತು. ಬಾಯಿ ನೂರು ಸುಳ್ಳು ಹೇಳೀತು, ಚಪ್ಪಲಿಗೆ ಸುಳ್ಳು ಹೇಳಲು ಬರುವುದಿಲ್ಲ ಎಂಬುದು ಅವನ ಸಿದ್ಧಾಂತ.

ಈ ವಿದ್ಯೆ ಅವನಿಗೆ ಯಾವ ಕಾಲೇಜಿನಲ್ಲೂ ದಕ್ಕಿದ್ದಲ್ಲ. ಠಾಣಾ ಕುಶನೂರಿನ ಕುರಿ ಸಾಕುವ ಮನೆತನ ಅವನದು. ಧೂಳಿನಲ್ಲಿ ಮೂಡಿದ ಗೊರಸಿನ ಗುರುತು ನೋಡಿ ಯಾರ ಹಿಂಡು ಯಾವ ಕಡೆ ಹೋಯಿತೆಂದು ಅವನಪ್ಪ ಹೇಳುತ್ತಿದ್ದ. ಮಗ ಅದನ್ನೇ ಮನುಷ್ಯರ ಮೇಲೆ ಪ್ರಯೋಗಿಸಿದ, ಅಷ್ಟೆ. ನನ್ನನ್ನು ಕೇಳಿದರೆ ಎರಡೂ ಕೆಲಸದಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ಕುರಿಗಳು ಹಿಂಡು ಬದಲಿಸಲು ಚುನಾವಣೆ ಬರಲೆಂದು ಕಾಯುವುದಿಲ್ಲ, ಅದೊಂದೇ ಬೇರೆ.

ಓದಿನ ಗೀಳು ಹತ್ತಿದ್ದು ರಸ್ತೆಯ ಮೇಲೆ. ಹಿಂಡು ಅಡ್ಡ ಬಂದು ಔರಾದಿನ ಬಸ್ಸು ನಿಂತಾಗ ಚಾಲಕ ಬೈಯುತ್ತಿದ್ದ, ಕಂಡಕ್ಟರ್ ಕನಿಕರಪಟ್ಟು ಹಳೆಯ ಪತ್ರಿಕೆಯೊಂದನ್ನು ಕಿಟಕಿಯಿಂದ ಎಸೆಯುತ್ತಿದ್ದ. ಒಮ್ಮೆ ಕನ್ನಡದ್ದು, ಒಮ್ಮೆ ಮರಾಠಿಯದು. ಉರ್ದು ಪತ್ರಿಕೆ ಸಿಕ್ಕ ದಿನ ಔರಾದಿಗೆ ಹೋಗಿ, ಬಸ್ ನಿಲ್ದಾಣದ ಎದುರು ಚಹಾದಂಗಡಿ ಇಟ್ಟಿದ್ದ ಖಾಸಿಂ ಅಲಿಯಿಂದ ಓದಿಸಿಕೊಂಡು ಬರುತ್ತಿದ್ದ. ಒಂದೇ ಭಾಷಣ ಮೂರು ಭಾಷೆಯಲ್ಲಿ ಮೂರು ತರಹ ಅಚ್ಚಾಗಿರುವುದನ್ನು ಕಂಡ ಮೇಲೆ, ಹಾಗಾದರೆ ಅಲ್ಲಿ ನಿಜವಾಗಿ ನಡೆದದ್ದೇನು ಎಂಬ ಹುಳ ತಲೆಗೆ ಹೊಕ್ಕಿತು. ಆ ಹುಳ ಇವತ್ತಿಗೂ ಹೊರಬಿದ್ದಿಲ್ಲ.

ಮೊದಲು ಔರಾದಿನಲ್ಲಿ ಪತ್ರಿಕೆ ಹಂಚಿದ, ಆಮೇಲೆ ಅದೇ ಪತ್ರಿಕೆಗೆ ಬರೆದ. ಅವನ ಮೊದಲ ವರದಿ ಬಸ್ ನಿಲ್ದಾಣದಲ್ಲಿ ಕುಡಿಯುವ ನೀರಿಲ್ಲ ಎಂಬುದು. ಅಚ್ಚಾದ ವಾರಕ್ಕೇ ನಲ್ಲಿ ಬಂತು. ಊರವರು ಅವನ ಬೆನ್ನು ತಟ್ಟಿದರು. ಕೆಲ ದಿನಗಳಲ್ಲಿ ನಲ್ಲಿ ಉಳಿಯಿತು, ನೀರು ಹೋಯಿತು. ಆಗ ಅವನಿಗೆ ವರದಿಗಾರಿಕೆ ಎಂದರೆ ಏನೆಂದು ಅರ್ಥವಾಯಿತು. ಪ್ರತಿ ಚುನಾವಣೆಯಲ್ಲೂ ಔರಾದಿಗೆ ರೈಲು ತರುತ್ತೇವೆಂದು ಯಾರಾದರೂ ಹೇಳಿಯೇ ಹೇಳುತ್ತಿದ್ದರು. ಆ ವರದಿಯನ್ನು ಅವನು ಒಂದೇ ಸಲ ಬರೆದದ್ದು, ಮುಂದೆಲ್ಲ ಹೆಸರು ಮಾತ್ರ ಬದಲಿಸಿ ಕಳಿಸಿದ.

ಔರಾದಿನಿಂದ ಭಾಲ್ಕಿಗೆ, ಭಾಲ್ಕಿಯಿಂದ ಬೀದರಿಗೆ ಬಂದ. ಈಗ ಮೂವತ್ತು ವರ್ಷವಾಗುತ್ತ ಬಂತು, ಬೀದರಿನ ‘ಮಾಂಜರಾ ದಿನವಾಣಿ’ಯಲ್ಲಿ ರಾಜಕೀಯ ವರದಿಗಾರ. ಅವನ ಹೆಂಡತಿ ಸುಜಾತಾ ಶಾಲಾ ಶಿಕ್ಷಕಿ, ಮಾತಿನಲ್ಲಿ ಗಟ್ಟಿ. “ನಿಮ್ಮ ಸುದ್ದಿ ಒಂದೂ ಸುಳ್ಳಾಗಂಗಿಲ್ಲ ನೋಡ್ರಿ. ಮನಿಗಿ ಬರ್ತೇನಿ ಅಂತ ಹೇಳಿದ ಟೈಮ್ ಅಷ್ಟ ಸುಳ್ಳು,” ಎನ್ನುತ್ತಾಳೆ. ಮೊದಲರ್ಧವನ್ನು ಅವನು ಎದೆ ಉಬ್ಬಿಸಿ ಕೇಳುತ್ತಾನೆ, ಎರಡನೆಯ ಅರ್ಧ ಕಿವಿಗೆ ಬೀಳುವುದಿಲ್ಲ. ಭಾಲ್ಕಿಯ ಹೋಟೆಲುಗಳಲ್ಲಿ ಜಗಳ ಹತ್ತಿದರೆ, “ಮಚ್ಛೇಂದ್ರ ಬರದಾನೇನು? ಬರದ್ರ ಖರೇ,” ಎಂದು ತೀರ್ಪಾಗುತ್ತಿತ್ತು. ಹೊಲವಿಲ್ಲ, ಮನೆ ಬಾಡಿಗೆಯದು. ಅವನ ಆಸ್ತಿ ಎಂದರೆ ಆ ಒಂದು ಮಾತು.

ಅವನ ಹಲವು ಕಟ್ಟಳೆಗಳಲ್ಲಿ ಒಂದು ಸಾವಿನ ಸುದ್ದಿಯದು. ಪುಟ ಕಟ್ಟುವ ಮುಜೀಬೋದ್ದೀನ ಕೆಲಸಕ್ಕೆ ಸೇರಿದ ಹೊಸತರಲ್ಲೇ ಅವನನ್ನು ಕೂರಿಸಿಕೊಂಡು ಮಚ್ಛೇಂದ್ರ ಹೇಳಿದ್ದ: “ಯಾರ ಸತ್ತ ಸುದ್ದಿ ಬಂದ್ರೂ ಮದಲ ಒಂದ ಮಾತು ಕೇಳು. ಮಣ್ಣು ಎಷ್ಟೊತ್ತಿಗಿ? ನಮ್ಮ ಕಡಿ ಮನಷ್ಯಾ ಸತ್ತ ಅಂದ್ರ ಮದಲ ಕೇಳೂದು ಅದಾ. ಮಣ್ಣು ಮಾಡೂ ಹೊತ್ತು ಗೊತ್ತಿಲ್ಲಂದ್ರ ಅದು ಸುದ್ದಿ ಅಲ್ಲ, ಗಾಳಿಮಾತು. ನಾನಾ ಬಂದು ಹೇಳಿದ್ರೂ ಬಿಡಬ್ಯಾಡ.” ಮುಜೀಬ ಅಂದು ತಲೆಯಾಡಿಸಿದ್ದ. ಅವನು ಹೆಚ್ಚು ಮಾತಾಡುವವನಲ್ಲ.

ಮೊನ್ನೆ ಜಿಲ್ಲಾ ಪಂಚಾಯಿತಿ ಚುನಾವಣೆಯ ಗದ್ದಲ ಶುರುವಾಗುವ ಹೊತ್ತು. ಮಚ್ಛೇಂದ್ರ ಔರಾದಿನಲ್ಲಿ ಯಾರಿಗೆ ಟಿಕೆಟ್, ಯಾರಿಗಿಲ್ಲ ಎಂಬುದನ್ನು ವಿಚಾರಿಸುತ್ತ ಮಧ್ಯಾಹ್ನದ ಬಿಸಿಲಲ್ಲಿ ಅಲೆಯುತ್ತಿದ್ದ. ಆಗ ಕುಶನೂರಿನಲ್ಲಿ ಹೋಟೆಲಿಟ್ಟಿರುವ ಸಂಜುಕುಮಾರನ ಫೋನು ಬಂತು.

“ಅಣ್ಣಾ, ಭಾಲ್ಕಿ ಶಿವಕಾಂತಪ್ಪನೋರು ಹೋದರಂತ್ರಿ. ಶಾಲೂಕಾಕಿ ಮನ್ಯಾಗ ಮಂದಿ ಕೂಡ್ಯಾರ.”

ಶಿವಕಾಂತಪ್ಪ ಎಂದರೆ ಮಾಜಿ ಜಿಲ್ಲಾ ಪಂಚಾಯಿತಿ ಅಧ್ಯಕ್ಷರು. ಎಪ್ಪತ್ತು ದಾಟಿದರೂ ರಾಜಕಾರಣ ಬಿಡದ ಮುದುಕ. ಕುಶನೂರಿಗೆ ಕೊಟ್ಟ ಶಾಲುಬಾಯಿ ಅವರ ಒಬ್ಬಳೇ ತಂಗಿ. ಮಚ್ಛೇಂದ್ರನಿಗೂ ಅವರಿಗೂ ಹಳೆಯ ಲೆಕ್ಕವಿತ್ತು. ಹಿಂದೊಮ್ಮೆ ಅವರ ಹಿತ್ತಿಲ ಬಾಗಿಲಲ್ಲಿ ವಿರೋಧ ಪಕ್ಷದವನ ಬೂಟು ಕಂಡು, ಇವರು ಪಕ್ಷ ಬಿಡುತ್ತಾರೆಂದು ಬರೆದಿದ್ದ. ಶಿವಕಾಂತಪ್ಪ ಸಿಟ್ಟಿಗೆದ್ದು, “ಆ ಚಪ್ಪಲಿ ಕಾಯೋನಿಗೆ ನನ್ನ ಮನಿ ಮೆಟ್ಟಲಾ ಹತ್ತಿಸಬ್ಯಾಡ್ರಿ,” ಎಂದರು. ಮುಂದಿನ ತಿಂಗಳು ಪಕ್ಷವನ್ನೂ ಬಿಟ್ಟರು. ಮಾತು ನಿಂತು ವರ್ಷವಾಗಿರಬೇಕು, ಕುರಿ ದಡ್ಡಿಯಲ್ಲಿ ಮಚ್ಛೇಂದ್ರನ ತಾಯಿಗೆ ಹಾವು ಕಚ್ಚಿತು. ಬಸ್ಸು ಹೋಗಿಬಿಟ್ಟಿತ್ತು. ತಂಗಿಯ ಮನೆಗೆ ಬಂದಿದ್ದ ಶಿವಕಾಂತಪ್ಪ ತಮ್ಮ ಜೀಪಿನಲ್ಲಿ ಮುದುಕಿಯನ್ನು ಹಾಕಿಕೊಂಡು ತಾವೇ ಬೀದರಿನ ಆಸ್ಪತ್ರೆಗೆ ಓಡಿಸಿದರು. ಓಡಿಬಂದ ಮಗನಿಗೆ ಹೇಳಿದ್ದು ಒಂದೇ ಮಾತು: “ಇದನ್ನ ಪೇಪರಿನ್ಯಾಗ ಹಾಕಬ್ಯಾಡ.” ಅವನು ಹಾಕಲಿಲ್ಲ. ಉಪಕಾರವಾಯಿತು ಎಂದು ಬಾಯಿಬಿಟ್ಟು ಹೇಳಲೂ ಇಲ್ಲ. ಗಂಡಸರ ಬಿಗುಮಾನಕ್ಕೆ ಮದ್ದಿಲ್ಲ ನೋಡಿ.

ಫೋನು ಬಂದೊಡನೆ ಅವನು ಶಿವಕಾಂತಪ್ಪನವರ ನಂಬರಿಗೆ ಹಚ್ಚಿದ. ಬಂದ್ ಇತ್ತು. ಅವರ ಹೆಂಡತಿ ಭೀಮಬಾಯಿಯದೂ ಬಂದ್. ಹಿಂದಿನ ತಿಂಗಳು ಎದೆನೋವೆಂದು ಶಿವಕಾಂತಪ್ಪನವರನ್ನು ಹೈದರಾಬಾದಿಗೆ ಕರೆದೊಯ್ದಿದ್ದು ಅವನಿಗೆ ಗೊತ್ತಿತ್ತು. ಭಾಲ್ಕಿಯಲ್ಲಿ ಅವರ ಪಕ್ಷದ ಕೆಲಸ ಮಾಡುವ ಜಾವೀದನಿಗೆ ಕೇಳಿದ. “ಹೌದಂತ್ರಿ ಮಚ್ಛೇಂದ್ರಣ್ಣ, ನಮಗೂ ಹಂಗಾ ಸುದ್ದಿ ಬಂದದ. ನಾ ಕಲಬುರಗಿಯಾಗ ಅದೀನಿ, ಹೊಂಟೀನಿ,” ಎಂದು ಅವನು ಗದ್ಗದನಾದ. ಇಷ್ಟಾದರೂ ಮಚ್ಛೇಂದ್ರ ಬರೆಯಲಿಲ್ಲ. ಮೋಟರ್ ಸೈಕಲ್ ಹತ್ತಿ ಕುಶನೂರಿಗೇ ಹೋದ. ಒಡಹುಟ್ಟಿದ ತಂಗಿಗಿಂತ ದೊಡ್ಡ ಸಾಕ್ಷಿ ಯಾರು?

ಶಾಲುಬಾಯಿಯ ಅಂಗಳದ ತುಂಬ ಚಪ್ಪಲಿ. ಒಳಗೆ ಹೆಂಗಸರು ಸುತ್ತ ಕುಳಿತಿದ್ದರು. ಮುದುಕಿ ಕಂಬಕ್ಕೊರಗಿ ಸೆರಗನ್ನು ಮುಖದ ಮೇಲೆಳೆದುಕೊಂಡು ಸಣ್ಣದನಿಯಲ್ಲಿ ಹಾಡಿಕೊಂಡು ಅಳುತ್ತಿದ್ದಳು. ಮಚ್ಛೇಂದ್ರ ಹೊಸ್ತಿಲ ಬಳಿ ಕುಳಿತು, ಅಭ್ಯಾಸಬಲದಿಂದ ಜೇಬಿನ ಪೆನ್ನು ತೆಗೆದು, “ಯಾವಾಗ ಆಯ್ತ್ರಿ ಕಾಕಿ?” ಎಂದ.

ಮುದುಕಿ ಸೆರಗು ಸರಿಸಿ ಅವನನ್ನು ನೋಡಿದಳು. ಪೆನ್ನು ನೋಡಿದಳು. “ನೀನೂ ಬಂದ್ಯಾ ಯಪ್ಪಾ? ನೀನೂ ಬಂದ್ಯಾ?” ಎಂದವಳೇ ಎದೆಯೆದೆ ಬಡಿದುಕೊಂಡು ಕಿರುಚಿದಳು. ಸುತ್ತಲಿನವರಿಗೆ ಹಿಡಿಯುವುದೇ ಕಷ್ಟವಾಯಿತು. ಮಚ್ಛೇಂದ್ರನ ಕಣ್ಣೂ ತುಂಬಿ ಬಂತು. ಮಣ್ಣು ಎಷ್ಟೊತ್ತಿಗೆ ಎಂದು ಕೇಳುವ ಧೈರ್ಯ ಅವನಿಗಾಗಲಿಲ್ಲ.

ಸಂಜುಕುಮಾರನ ಹೋಟೆಲಿನ ಬೆಂಚಿನ ಮೇಲೆ ಕುಳಿತು ಮೊಬೈಲಿನಲ್ಲಿ ಬರೆದ. ಬೆರಳು ನಿಲ್ಲಲಿಲ್ಲ. ಕುಶನೂರಿಗೆ ಶಿವಕಾಂತಪ್ಪ ಹಾಕಿಸಿದ ರಸ್ತೆ, ಕಟ್ಟಿಸಿದ ಶಾಲೆ, ಮೂರು ಸಲ ಪಕ್ಷ ಬದಲಿಸಿದ್ದು, ಬೈಗುಳದಲ್ಲಿ ಅವರಿಗಿದ್ದ ಪ್ರಾವೀಣ್ಯ, ಎಲ್ಲವನ್ನೂ ಬರೆದ. ಕೊನೆಗೆ ಆ ಜೀಪಿನ ಕತೆ ಬರೆದ. ತಾಯಿ ಇಂದೂ ಬದುಕಿದ್ದಾಳೆ, ಅದನ್ನು ಆ ಮನುಷ್ಯನಿಗೆ ಒಮ್ಮೆಯೂ ಹೇಳಲಾಗಲಿಲ್ಲ ಎಂದೂ ಬರೆದ. ಅಷ್ಟರಲ್ಲಿ ಮೊಬೈಲಿನಲ್ಲಿ ಸುದ್ದಿ ಬಿಡುವ ಒಬ್ಬ ಪುಂಡ ಇದೇ ಊರಿಗೆ ಬರುತ್ತಿದ್ದಾನೆಂದು ಸಂಜುಕುಮಾರ ಹೇಳಿದ. ಮಚ್ಛೇಂದ್ರ ಕೆರಳಿದ. ಈ ಮನುಷ್ಯನ ಸಾವನ್ನು ಜಿಲ್ಲೆ ಮೊದಲು ತನ್ನ ಬರಹದಲ್ಲೇ ಓದಬೇಕು ಎನಿಸಿತು. ಎಲ್ಲವನ್ನೂ ಮುಜೀಬನಿಗೆ ಕಳಿಸಿ ಕೆಳಗೆ ಬರೆದ: “ಮಣ್ಣಿನ ಸಮಯ ಆಮೇಲೆ ತಿಳಿಸುತ್ತೇನೆ. ಮೊಬೈಲಿಗೆ ಈಗಲೇ ಬಿಟ್ಟುಬಿಡು, ಮೊದಲ ಪುಟಕ್ಕೂ ಹಾಕು.” ಕಳಿಸಿ, ಕೊನೆಯ ದರ್ಶನಕ್ಕೆಂದು ಭಾಲ್ಕಿಯ ದಾರಿ ಹಿಡಿದ.

ಭಾಲ್ಕಿ ಮುಟ್ಟುವಾಗ ಬಿಸಿಲಿಳಿದಿತ್ತು. ಶಿವಕಾಂತಪ್ಪನವರ ಓಣಿಗೆ ತಿರುಗಿದ ಮಚ್ಛೇಂದ್ರನಿಗೆ ಏನೋ ತಪ್ಪಿದೆ ಎನಿಸಿತು. ಪೆಂಡಾಲ್ ಇಲ್ಲ, ಜನರಿಲ್ಲ, ಒಂದು ಕಾರೂ ಇಲ್ಲ. ಪಕ್ಕದ ಮನೆಯ ಹೆಂಗಸು ಶೇಂಗಾ ಹಸನು ಮಾಡುತ್ತ ಕುಳಿತಿದ್ದಳು. ಅವನು ಗಾಡಿ ನಿಲ್ಲಿಸಿ ಬಾಗಿಲಿಗೆ ಹೋದ. ಹೊಸ್ತಿಲ ಮುಂದೆ ಒಂದೇ ಒಂದು ಜೋಡಿ ಚಪ್ಪಲಿ ಇತ್ತು. ಕೊಲ್ಹಾಪುರಿ, ಎಡಗಾಲಿನದರ ಉಂಗುಷ್ಠ ಹರಿದು ಬಿಳಿ ದಾರದಲ್ಲಿ ಹೊಲಿದದ್ದು. ಈ ಚಪ್ಪಲಿಯನ್ನು ಅವನು ಜಿಲ್ಲೆಯ ಎಷ್ಟೋ ಹೊಸ್ತಿಲುಗಳಲ್ಲಿ ಕಂಡಿದ್ದ. ಅದರ ಅಟ್ಟೆಗೆ ಹಸಿ ಕೆಸರು ಮೆತ್ತಿತ್ತು.

ಸತ್ತವರು ಕೆಸರು ತುಳಿಯುವುದಿಲ್ಲ.

ಒಳಗಿನಿಂದ ಟೀವಿಯ ಸದ್ದು ಬಂತು. ಅದರ ಮೇಲೆ ಪರಿಚಿತ ದನಿ: “ಏ, ಉಪ್ಪಿಟ್ಟಿಗಿ ಉಪ್ಪಾ ಹಾಕಿಲ್ಲ ಅಲಾ ನೀ!”

ಮಚ್ಛೇಂದ್ರ ಚೌಕಟ್ಟು ಹಿಡಿದು ನಿಂತ. ಮೊದಲು ಬಂದದ್ದು ಸಂತೋಷ, ಅದರ ಬೆನ್ನಿಗೇ ಬಂದದ್ದು ಭಯ. ಮುದುಕ ಬದುಕಿದ್ದಾನೆ. ಹಾಗಾದರೆ ಸತ್ತವನು ತಾನು. ಅಷ್ಟು ಹೊತ್ತಿಗೆ ಇಡೀ ಜಿಲ್ಲೆಯ ಮೊಬೈಲುಗಳಲ್ಲಿ ತನ್ನ ಹೆಸರಿನ ಕೆಳಗೆ ಆ ಸುಳ್ಳು ಓಡಾಡುತ್ತಿರಬೇಕು. ಮಚ್ಛೇಂದ್ರ ಬರೆದರೆ ಖರೆ ಎನ್ನುವ ಮಾತು ಇನ್ನು ಯಾವ ಹೋಟೆಲಿನಲ್ಲೂ ಕೇಳಿಬರುವುದಿಲ್ಲ.

ಬಾಗಿಲಿಗೆ ಬಂದ ಭೀಮಬಾಯಿ ಅವನ ಮುಖ ನೋಡಿಯೇ ಎಲ್ಲ ತಿಳಿದುಕೊಂಡಳು. “ಅಯ್ಯ! ನಿಮಗೂ ಮುಟ್ಟಿತೇನ್ರಿ ಸುದ್ದಿ? ಮುಂಜಾನಿ ಮುಖಾ ತೊಳಿಲಾಕ ಅಂಗಳದಾಗ ನಿಂತಿದ್ರು, ಬೇವಿನ ಗಿಡದ ಕಾಗಿ ಬಂದು ನೆತ್ತಿಗೇ ಬಡೀತ್ರಿ. ಅದಕ್ಕ ನಾನಾ ಕುಶನೂರಿಗಿ ಹೇಳಿ ಕಳಸೀನಿ. ಹೊತ್ತ ಮುಳುಗಿದ ಮ್ಯಾಲ ಖರೇ ಹೇಳಿದ್ರಾಯ್ತು ಅಂತ ಫೋನ್ ಬಂದ್ ಮಾಡಿ ಇಟ್ಟೀನಿ.”

ಮಚ್ಛೇಂದ್ರ ಹಣೆ ಚಚ್ಚಿಕೊಂಡ. ಈ ಸೀಮೆಯ ಯಾವ ಹಳ್ಳಿಯ ಮಗುವಿಗೂ ಗೊತ್ತಿರುವ ರಿವಾಜು. ಕಾಗೆ ತಲೆಗೆ ಬಡಿದರೆ ಸಾವಿನ ಕಂಟಕ. ಅದನ್ನು ಕಳೆಯಲು, ಆ ಮನುಷ್ಯ ಸತ್ತನೆಂದು ಹತ್ತಿರದ ರಕ್ತಸಂಬಂಧಿಗೆ ಸುಳ್ಳು ಸುದ್ದಿ ಕಳಿಸಬೇಕು. ಅವರು ಅತ್ತರೆ ಆ ಕಣ್ಣೀರಲ್ಲೇ ಕಂಟಕ ಹರಿದು ಹೋಗುತ್ತದೆ, ಆಯುಷ್ಯ ಹೆಚ್ಚುತ್ತದೆ. ಅವನ ಸ್ವಂತ ಸೋದರಮಾವನೇ ಹೀಗೆ ಎರಡು ಸಲ ಸತ್ತಿದ್ದ. ಪೇಟೆಯ ವರದಿಗಾರನಾಗಿದ್ದರೆ ಗೊತ್ತಿರಲಿಲ್ಲ ಎನ್ನಬಹುದಿತ್ತು. ಕುಶನೂರಿನಲ್ಲಿ ಕುರಿ ಕಾಯ್ದವನು ಯಾವ ಬಾಯಿಂದ ಹೇಳಬೇಕು? ಸಂಜುಕುಮಾರ, ಜಾವೀದ, ಎಲ್ಲರೂ ಸುದ್ದಿಯ ನೀರು ಸೇದಿದ್ದು ಶಾಲುಬಾಯಿ ಮನೆಯ ಒಂದೇ ಬಾವಿಯಿಂದ.

ಮುಜೀಬನಿಗೆ ಫೋನು ಹಚ್ಚಿದ. ಬಿಜಿ. ಮತ್ತೆ ಹಚ್ಚಿದ, ಮತ್ತೆ ಬಿಜಿ. ಒಳಗೆ ಉಪ್ಪಿಟ್ಟಿನ ತಟ್ಟೆ ಹಿಡಿದು ಕುಳಿತಿದ್ದ ಶಿವಕಾಂತಪ್ಪ, “ಏನಾತೋ? ಪ್ರೇತ ನೋಡ್ದಂಗ ಯಾಕ ನಿಂತಿ?” ಎಂದರು. ಅವನು, ಕಾಕಾ, ನಿಮ್ಮನ್ನು ಸಾಯಿಸಿಬಿಟ್ಟೆ ಎಂದು ಹೇಳುವಷ್ಟರಲ್ಲಿ ಮುಜೀಬನೇ ಫೋನು ಮಾಡಿದ.

“ಅರೇ ಮಚ್ಛೇಂದ್ರಭಾಯಿ, ಎಲ್ಲಿದ್ದೀ? ಖರೇ ಏನು ಅಂತ ಅರ್ಧ ಬೀದರ ನನಗ ಫೋನ್ ಮಾಡಲಾಕತ್ತದ. ಮಣ್ಣು ಎಷ್ಟೊತ್ತಿಗಿ, ಹೇಳು. ಪುಟ ನಿಲ್ಲಿಸೀನಿ.”

“ಮೊಬೈಲಿಗಿ?”

“ಬಿಟ್ಟಿಲ್ಲ.”

“ಬಿಡು ಅಂತ ಬರದಿದ್ನಲ್ಲೋ ನಾ!”

“ನೀನಾ ಬಂದು ಹೇಳಿದ್ರೂ ಬಿಡಬ್ಯಾಡ ಅಂತ ಹೇಳಿದಾಂವನೂ ನೀನಾ ಅಲಾ?” ಮುಜೀಬನ ದನಿಯಲ್ಲಿ ಸ್ವಲ್ಪ ಸಿಟ್ಟೇ ಇತ್ತು. “ಮಣ್ಣಿನ ಟೈಮ್ ಇಲ್ಲದ ಮೌತಿನ ಸುದ್ದಿ ನಾ ಹಾಕಂಗಿಲ್ಲ.”

ಮಚ್ಛೇಂದ್ರ ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟ. ನಗು ಬಂತೋ ಅಳು ಬಂತೋ ಅವನಿಗೇ ತಿಳಿಯಲಿಲ್ಲ. ಭೀಮಬಾಯಿ ತಂದ ನೀರನ್ನು ಗಟಗಟ ಕುಡಿದ. ಶಿವಕಾಂತಪ್ಪ ಅವನ ಕೈಯಿಂದ ಮೊಬೈಲು ಕಿತ್ತುಕೊಂಡು, “ಮುಜೀಬಾ, ಮಣ್ಣು ಮುಂದಕ್ಕ ಹೋಗ್ಯದ. ಎಲೆಕ್ಷನ್ ಮುಗೀಲಿ, ನೋಡೂಣು,” ಎಂದು ಕೂಗಿ ಹೇಳಿದರು.

ಆಮೇಲೆ ಕನ್ನಡಕ ಹಾಕಿಕೊಂಡು, “ಬರದಿದ್ದು ತೋರಸು,” ಎಂದರು. ಬೇಡವೆಂದರೆ ಬಿಡುವ ಆಸಾಮಿಯೆ? ತುಟಿಯಲ್ಲೇ ಅಕ್ಷರ ಅಕ್ಷರ ಓದಿದರು. ಅರ್ಧಕ್ಕೆ ಬಂದು ಹುಬ್ಬು ಗಂಟಿಕ್ಕಿದರು.

“ಮೂರು ಸಲ ಪಕ್ಷ ಬದಲಿ ಮಾಡೀನಿ ಅಂತ ಬರದಿ. ನಾಕು ಸಲ ಆಗ್ಯದ. ಒಂದು ಹದಿನೈದ ದಿನದ್ದು ನಿನಗ ಗೊತ್ತೇ ಆಗಿಲ್ಲ. ಭಾರೀ ಪತ್ರಕರ್ತ!”

ಜೀಪಿನ ಕತೆಗೆ ಬಂದರು. ಅದನ್ನು ಎರಡು ಸಲ ಓದಿದರು. “ಇದನ್ನ ಹಾಕಬ್ಯಾಡ ಅಂದಿದ್ನಲ್ಲ?”

“ನೀವು ಹೋದ ಮ್ಯಾಲ ಯಾರನ್ನ ಕೇಳಬೇಕಿತ್ತ್ರಿ ಕಾಕಾ?”

ಮುದುಕ ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಿದರು. “ನಿಮ್ಮವ್ವ ಹ್ಯಾಂಗ ಅದಾಳ?”

“ಆರಾಮ ಅದಾಳ್ರಿ. ನಿಮ್ಮ ಉಪಕಾರ ಅದು.” ಇಷ್ಟು ವರ್ಷ ಗಂಟಲಲ್ಲಿ ಕುಳಿತಿದ್ದ ಮಾತು ಎಷ್ಟು ಸಲೀಸಾಗಿ ಹೊರಬಂತೆಂದು ಮಚ್ಛೇಂದ್ರನಿಗೇ ಆಶ್ಚರ್ಯವಾಯಿತು. ಶಿವಕಾಂತಪ್ಪ ಮುಖ ಆಚೆ ತಿರುಗಿಸಿ, ಇವನಿಗೂ ಉಪ್ಪಿಟ್ಟು ಕೊಡು ಎಂದು ಹೆಂಡತಿಗೆ ಹೇಳಿದರು.

ತಟ್ಟೆ ಬರುವ ಮೊದಲೇ ಹೊರಗೆ ಟಮಟಮ್ ಆಟೊ ನಿಂತ ಸದ್ದಾಯಿತು. “ಅಣ್ಣಾ, ನನ್ನ ಅಣ್ಣಾ!” ಎಂದು ಒಡೆದ ದನಿಯಲ್ಲಿ ಕೂಗುತ್ತ ಶಾಲುಬಾಯಿ ಒಳಗೆ ನುಗ್ಗಿದಳು. ಕಂಟಕ ಕಳೆಯಲು ಕಳಿಸಿದ ಸುದ್ದಿಗೆ ಮನೆಯಲ್ಲೇ ಕುಳಿತು ಅತ್ತರೆ ಸಾಕು, ಯಾರೂ ಗಾಡಿ ಮಾಡಿಕೊಂಡು ಬರುವುದಿಲ್ಲ. ಉಪ್ಪಿಟ್ಟಿನ ತಟ್ಟೆ ಮುಂದಿಟ್ಟುಕೊಂಡು ಕುಳಿತ ಅಣ್ಣನನ್ನು ಕಂಡು ಅವಳು ಕಲ್ಲಾಗಿ ನಿಂತಳು. ಮರುಗಳಿಗೆಯಲ್ಲಿ ಹೋಗಿ ಅವರ ಬೆನ್ನಿಗೆ, ಭುಜಕ್ಕೆ ಎರಡೂ ಕೈಯಿಂದ ಬಾರಿಸತೊಡಗಿದಳು. ಬಾರಿಸುತ್ತ ಬಾರಿಸುತ್ತ ತಬ್ಬಿಕೊಂಡಳು.

“ಕಾಗಿ ಬಡೀತು ಅಂತ ನಿನಗ ಗೊತ್ತಾಗಲಿಲ್ಲೇನ ಶಾಲೀ? ರಿವಾಜ ಮರ್ತೇನು?” ಎಂದು ಭೀಮಬಾಯಿ ಗಾಬರಿಯಿಂದ ಕೇಳಿದಳು.

ಶಾಲುಬಾಯಿ ಕಣ್ಣೊರೆಸಿಕೊಂಡು ಮಚ್ಛೇಂದ್ರನ ಕಡೆಗೆ ಬೆರಳು ತೋರಿಸಿದಳು.

“ಗೊತ್ತಿತ್ತು. ನಿನ್ನಿ ರಾತ್ರಿನಾ ಅಣ್ಣನ ಜೋಡಿ ಮಾತಾಡೀನಿ, ಆರಾಮ ಇದ್ದ. ಕಾಗಿ-ಗೀಗಿ ಬಡದಿರಬೇಕು ಅಂತ ಮನಸಿನ್ಯಾಗ ಇತ್ತು. ರಿವಾಜ ಅದ, ಅಳಬೇಕು ಅಂತ ಸೆರಗ ಮುಖದ ಮ್ಯಾಲ ಹಾಕ್ಕೊಂಡು ಕುಂತಿದ್ದೆ. ಕಣ್ಣಾಗ ನೀರಾ ಇದ್ದಿಲ್ಲ ನೋಡು. ಅಷ್ಟರಾಗ ಇಂವ ಬಂದ. ಪೆನ್ ತಗದ. ಯಾವಾಗ ಆಯ್ತು ಅಂತ ಕೇಳ್ದ. ಮಚ್ಛೇಂದ್ರ ಬರಿಲಾಕ ಬಂದಾನ ಅಂದ ಮ್ಯಾಲ ಖರೇನ ಹೋದ ನನ್ನ ಅಣ್ಣ ಅಂತ ನನ್ನ ಎದಿ ಒಡೀತು.”

ಮಚ್ಛೇಂದ್ರ ಜೇಬಿನ ಪೆನ್ನನ್ನು ಮುಟ್ಟಿಕೊಂಡ. ಅವಳ ಅಳುವನ್ನು ನಂಬಿ ಅವನು ಬರೆದಿದ್ದ. ಅವನ ಪೆನ್ನನ್ನು ನಂಬಿ ಅವಳು ಅತ್ತಿದ್ದಳು.

“ಹಂಗಾದ್ರ ಕಂಟಕ ಖರೇನ ಇಳೀತ್ರಿ. ಸುಳ್ಳ ಅಳು ಅಲ್ಲ, ಖರೇ ಕಣ್ಣೀರು ಬಿದ್ದಾವ,” ಎಂದು ಭೀಮಬಾಯಿ ದೇವರ ಗೂಡಿನ ಕಡೆ ಕೈಮುಗಿದಳು. ಶಿವಕಾಂತಪ್ಪ ಮೊದಲು ನಕ್ಕರು, ಆಮೇಲೆ ಎಲ್ಲರೂ ನಕ್ಕರು. ಶಾಲುಬಾಯಿ ನಗುತ್ತಲೇ ಅಣ್ಣನಿಗೆ ಇನ್ನೊಂದು ಏಟು ಕೊಟ್ಟಳು.

ಮೊದಲ ಪುಟದ ಖಾಲಿ ಜಾಗಕ್ಕೆ ಏನು ಹಾಕಲಿ ಎಂದು ಕೇಳಲು ಮುಜೀಬ ಮತ್ತೆ ಫೋನು ಮಾಡಿದಾಗ ಮಚ್ಛೇಂದ್ರ ಮಾತಾಡಲೆಂದು ಹೊರಗೆ ಬಂದ. ಔರಾದಿನ ಟಿಕೆಟ್ ಸುದ್ದಿ ಹಾಕು, ಹೇಳಿ ಬರೆಸುತ್ತೇನೆ ಎಂದ. ಮಾತಾಡುತ್ತಲೇ, ರೂಢಿಯಂತೆ, ಹೊಸ್ತಿಲ ಮುಂದೆ ಕಣ್ಣು ಹೋಯಿತು. ಬಿಳಿ ದಾರದ ಕೊಲ್ಹಾಪುರಿಯ ಪಕ್ಕದಲ್ಲಿ ಶಾಲುಬಾಯಿಯ ಚಪ್ಪಲಿಗಳು ಒಂದು ಅಲ್ಲಿ, ಒಂದು ಇಲ್ಲಿ ಬಿದ್ದಿದ್ದವು. ಒಂದು ಅವಳ ಎಡಗಾಲಿನ ಸವೆದ ರಬ್ಬರಿನದು. ಇನ್ನೊಂದು ಯಾವುದೋ ಗಂಡಸಿನ ದೊಡ್ಡ ಚಪ್ಪಲಿ, ಅದೂ ಎಡಗಾಲಿನದೇ. ಮುದುಕಿ ಕುಶನೂರಿನಿಂದ ಇವನ್ನು ಹಾಕಿಕೊಂಡೇ ಬಂದಿದ್ದಳು. ಮಚ್ಛೇಂದ್ರ ಬಾಗಿ ಆ ಎರಡನ್ನೂ ಎತ್ತಿ, ಧೂಳು ಕೊಡವಿ, ಶಿವಕಾಂತಪ್ಪನವರ ಚಪ್ಪಲಿಯ ಪಕ್ಕದಲ್ಲಿ ಒತ್ತಾಗಿ ಜೋಡಿಸಿಟ್ಟ.